ವಾಕಿಂಗ್‌ಗಷ್ಟೇ ಅಲ್ಲ, ಅಡ್ಯಾಡಲಿಕ್ಕೂ ಒಂದು ದಾರಿ ಬೇಕು: ಅಪ್ಪನ ಕೆರೆಯ ಬಗ್ಗೆ ಬಹಿರಂಗ ಪತ್ರ

ಕಲಬುರಗಿಯ ಕೆರೆ, ಉದ್ಯಾನಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ನಮ್ಮ ಜನಪ್ರತಿನಿಧಿಗಳಿಗೆ, ಮತ್ತು ಸಂಜೆ ಹೊತ್ತು ಅಪ್ಪನ ಕೆರೆಗೆ ಬರುವ ಎಲ್ಲರಿಗೂ,

ನಮಸ್ಕಾರ.

ನಮ್ಮ ಮನೆಯಲ್ಲಿ ಆಯಿ ಇದ್ದಾರೆ. ನನ್ನ ಅತ್ತೆ. ಮಗಳು ಆಯಿ ಆಯಿ ಅಂತ ಕರೆದು ಈಗ ನಮಗೆಲ್ಲ ಅವರು ಆಯಿಯೇ ಆಗಿದ್ದಾರೆ. ವಯಸ್ಸು 76. ಎರಡೂ ಮೊಣಕಾಲು ನೋವು. ಮಗಳಿಗೆ ಈಗ ಐದು ವರ್ಷ. ವಾರಕ್ಕೆ ಮೂರ್ನಾಲ್ಕು ಸಂಜೆ ಈ ಇಬ್ಬರನ್ನೂ ಕರೆದುಕೊಂಡು ನಾನು ಕೆರೆ ಕಡೆ ಬರುತ್ತೇನೆ.

ಆಯಿ ಒಂದು ದಮ್ಮಿಗೆ ಇನ್ನೂರು ಹೆಜ್ಜೆ ನಡೆಯುತ್ತಾರೆ. ನಾನು ಎಣಿಸಿದ್ದೇನೆ. ಅವರ ಹೆಜ್ಜೆ ಸಣ್ಣದು. ಇನ್ನೂರು ಹೆಜ್ಜೆ ಅಂದರೆ ಹೆಚ್ಚೆಂದರೆ 80 ಮೀಟರ್. ಅಷ್ಟು ದಾಟಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡುತ್ತಾರೆ. ಕೂರಲಿಕ್ಕೆ ಜಾಗ ಹುಡುಕುವ ನೋಟ ಅದು. ಜಾಗ ಸಿಕ್ಕರೆ ಕೂತು, ಎರಡು ಮಾತಾಡಿ, ಮತ್ತೆ ಇನ್ನೂರು ಹೆಜ್ಜೆ. ಸಿಗದಿದ್ದರೆ ಒಂದೇ ಮಾತು: "ನೀವು ಹೋಗಿ ಬರ್ರಿ, ನಾ ಇಲ್ಲೇ ನಿಂದರ್ತೀನಿ."

ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ಆಯಿ ಹಾಗೆ ಅನ್ನದೆ ನಮ್ಮ ಜೊತೆಗೇ ಬರುವಂಥ ದಾರಿ ಕೆರೆಯ ಪಕ್ಕ ಇರಬೇಕು. ನಾನು ಕೇಳುತ್ತಿರುವುದು ಇಷ್ಟೇ.

ಕೆರೆ ದಂಡೆಯ ಮಾತು ಬಂದಾಗಲೆಲ್ಲ ಎಲ್ಲರೂ ವಾಕಿಂಗ್ ಟ್ರ್ಯಾಕ್ ಅನ್ನುತ್ತಾರೆ. ಅದೂ ಬೇಕು. ಬೆಳಿಗ್ಗೆ ಐದೂವರೆಗೆ ಬೂಟು ಹಾಕಿಕೊಂಡು, ಕೈ ಬೀಸಿಕೊಂಡು, ಇಷ್ಟು ಸುತ್ತು ಅಂತ ಲೆಕ್ಕ ಇಟ್ಟು ನಡೆಯುವವರು ನಮ್ಮ ಊರಿನಲ್ಲಿ ಬಹಳ ಇದ್ದಾರೆ. ಶುಗರ್, ಬಿಪಿ ಇಲ್ಲದ ಮನೆ ಈಗ ಎಲ್ಲಿದೆ? ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸುಮಾರು 60 ನಿಮಿಷ ಮೈ ಬೆವರುವಂಥ ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಆದರೆ ನಮ್ಮ ಕಡೆ ವಾಕಿಂಗ್‌ಗಿಂತ ಹಳೆಯ ಮಾತು ಒಂದಿದೆ. ಅಡ್ಯಾಡೋದು. "ಎಲ್ಲಿಗೆ ಹೊಂಟೀರಿ?" ಅಂದರೆ "ಸುಮ್ನೆ, ಅಡ್ಯಾಡಿ ಬರ್ಲಾಕ" ಅನ್ನುತ್ತೇವೆ. ಅದಕ್ಕೆ ಬೂಟು ಬೇಡ, ಸುತ್ತಿನ ಲೆಕ್ಕ ಬೇಡ. ಮಗು ಓಡಿ ಮುಂದೆ ಹೋಗುತ್ತದೆ, ಮುದುಕರು ಹಿಂದೆ ಉಳಿಯುತ್ತಾರೆ, ನಡುವೆ ಇರುವವರು ಇಬ್ಬರಿಗೂ ಕಾಯುತ್ತಾರೆ. ಅರ್ಧ ಸುತ್ತು ಹಾಕಿ ಒಂದು ಕಡೆ ಕೂತು ಶೇಂಗಾ ತಿಂದು ವಾಪಸ್ ಬಂದರೂ ಅದು ಅಡ್ಯಾಡಿದ ಲೆಕ್ಕವೇ. ವಾಕಿಂಗ್ ಟ್ರ್ಯಾಕ್ ಮಾಡುವವರು ಗಟ್ಟಿ ಕಾಲಿನವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡುತ್ತಾರೆ. ಅಡ್ಯಾಡುವ ದಾರಿಯನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ನೋಡಿ ಮಾಡಬೇಕು. ಅಂಥ ದಾರಿಯಲ್ಲಿ ಗಟ್ಟಿ ಕಾಲಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ ಅಲ್ವಾ?

ದಾಖಲೆಯಲ್ಲಿ ಇದು ಶರಣಬಸವೇಶ್ವರ ಕೆರೆ. ಊರಿನ ಬಾಯಲ್ಲಿ ಅಪ್ಪನ ಕೆರೆ. ಶರಣಬಸವೇಶ್ವರರ ಗುಡಿಯ ಹತ್ತಿರವೇ ಇರುವ ಕೆರೆ. 1822ರಲ್ಲಿ ಲಿಂಗೈಕ್ಯರಾದ ಶರಣರು ದಾಸೋಹಕ್ಕೆ ಹೆಸರಾದವರು. ಅರಳಗುಂಡಗಿಯಲ್ಲಿ ಹುಟ್ಟಿ, ಬಂದವರಿಗೆಲ್ಲ ಅನ್ನ ಇಟ್ಟವರು. ಆಯಿ ಕೆರೆ ಕಡೆ ಬಂದಾಗಲೆಲ್ಲ ಮಗಳಿಗೆ ಒಂದು ಕತೆ ಹೇಳುತ್ತಾರೆ. ಶರಣರು ಹೊಲ ಕಾಯಲಿಕ್ಕೆ ಹೋದವರು ಹಕ್ಕಿಗಳನ್ನು ಓಡಿಸಲಿಲ್ಲವಂತೆ. ತಿನ್ನಲಿ ಅಂತ ಬಿಟ್ಟು, ಕುಡಿಯಲಿಕ್ಕೆ ನೀರು ಬೇರೆ ಇಟ್ಟರಂತೆ. ಮಗಳು ಆ ಕತೆ ಕೇಳಿದ ಮೇಲೆ ಕೆರೆಯಲ್ಲಿ ಹಕ್ಕಿ ಕಂಡರೆ ಕಲ್ಲು ಎಸೆಯುವ ಹುಡುಗರಿಗೆ ತಾನೇ ಹೋಗಿ ಬೈದು ಬರುತ್ತಾಳೆ. ನೀರುಕಾಗೆ ಮುಳುಗಿ ಎಲ್ಲಿ ಏಳುತ್ತದೆ ಅಂತ ಬೆರಳು ತೋರಿಸಿ ಕಾಯುವುದು ಅವಳಿಗೆ ದಿನದ ಆಟ. ಬೆಳ್ಳಕ್ಕಿ, ಮಿಂಚುಳ್ಳಿ, ನಾಮಗೋಳಿ, ಇಷ್ಟು ಹೆಸರು ಈಗ ಅವಳಿಗೆ ಗೊತ್ತು. ಅವು ಶಾಲೆಯ ಪುಸ್ತಕದಿಂದ ಬಂದ ಹೆಸರುಗಳಲ್ಲ.

ಈಗ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಹೋದ ವರ್ಷ ಮಳೆಗಾಲ ಮುಗಿದಿತ್ತು. ಸಂಜೆ ಆರರ ಹೊತ್ತು. ದಾರಿಗೆ ಹಾಸಿದ್ದ ಒಂದು ಟೈಲ್ಸ್ ಎರಡು ಬೆರಳಷ್ಟು ಮೇಲೆ ಎದ್ದಿತ್ತು. ನಾನು ದಾಟಿದೆ, ನನಗೆ ಗೊತ್ತೇ ಆಗಲಿಲ್ಲ. ಮಗಳು ಜಿಗಿದಳು. ಆಯಿಯ ಚಪ್ಪಲಿಯ ತುದಿ ಅದಕ್ಕೇ ಸಿಕ್ಕಿತು. ಮುಂದಕ್ಕೆ ಕೈ ಊರಿ ಬಿದ್ದರು. ಎಲುಬು ಮುರಿಯಲಿಲ್ಲ, ಅಪ್ಪನ ಪುಣ್ಯ. ಆದರೆ ಅಂಗೈ ಕಿತ್ತು ಹೋಯಿತು, ಹಸಿರು ಬಳೆ ನಾಲ್ಕು ಒಡೆದವು. ಒಡೆದ ಬಳೆ ಚೂರುಗಳನ್ನು ಮಗಳು ಒಂದೊಂದಾಗಿ ಆರಿಸಿ ತನ್ನ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಬೇರೆಯವರ ಕಾಲಿಗೆ ಚುಚ್ಚಬಾರದಂತೆ.

ಅಲ್ಲಿಂದ ಎರಡು ತಿಂಗಳು ಆಯಿ ಮನೆ ಬಿಟ್ಟು ಹೊರಗೆ ಬರಲಿಲ್ಲ. ಕೈ ಹದಿನೈದು ದಿನಕ್ಕೆ ವಾಸಿಯಾಗಿತ್ತು. ವಾಸಿಯಾಗದೆ ಉಳಿದದ್ದು ಭಯ. ಸಂಜೆ ಐದೂವರೆ ಆದರೆ ಸಾಕು, ಮಗಳು ಆಯಿಯ ಚಪ್ಪಲಿ ತಂದು ಬಾಗಿಲ ಹತ್ತಿರ ಜೋಡಿಸಿ ಇಡುತ್ತಿದ್ದಳು. ಆಯಿ "ನಾಳಿ ಹೋಗಮು" ಅನ್ನುತ್ತಿದ್ದರು. ಎರಡು ತಿಂಗಳಲ್ಲಿ ಅವರ ಇನ್ನೂರು ಹೆಜ್ಜೆ ನೂರಕ್ಕೆ ಇಳಿಯಿತು. ವಯಸ್ಸಾದವರು ನಡೆಯುವುದು ಬಿಟ್ಟರೆ ಕಾಲಿನ ಶಕ್ತಿ ಎಷ್ಟು ಬೇಗ ಹೋಗುತ್ತದೆ ಅಂತ ನಾನು ಆಗ ಕಣ್ಣಾರೆ ಕಂಡೆ. ಮತ್ತೆ ಇನ್ನೂರಕ್ಕೆ ಬರಲು ಇಡೀ ಚಳಿಗಾಲ ಬೇಕಾಯಿತು.

ಆ ಟೈಲ್ಸ್ ಯಾಕೆ ಎದ್ದಿತ್ತು? ನಮ್ಮ ಊರಿನಲ್ಲಿ ಇದು ರೈತರಿಗೆಲ್ಲ ಗೊತ್ತಿರುವ ವಿಷಯ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬೇಸಿಗೆಯಲ್ಲಿ ತೊಗರಿ ಹೊಲಕ್ಕೆ ಹೋಗಿ ನೋಡಿ, ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಅಂಥ ಮಣ್ಣಿನ ಮೇಲೆ ಸ್ವಲ್ಪ ಮರಳು ಹರವಿ ಟೈಲ್ಸ್ ಕೂರಿಸಿದರೆ ಮೊದಲ ಮಳೆಗೆ ಮೇಲೆ ಎದ್ದು, ಮೊದಲ ಬೇಸಿಗೆಗೆ ಬಾಯಿ ಬಿಡುತ್ತದೆ. ಎರಿ ಮಣ್ಣು ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ ರೋಲರ್ ಹೊಡೆದು ಗಟ್ಟಿ ಮಾಡಿ, ಪಕ್ಕದಲ್ಲಿ ಮಳೆ ನೀರು ಹರಿದು ಹೋಗಲು ದಾರಿ ಬಿಟ್ಟು, ಆಮೇಲೆ ಮೇಲಿನ ಹಾಸು ಹಾಕಬೇಕು. ಇಲ್ಲಿ ಮನೆ ಕಟ್ಟುವ ಯಾವ ಮೇಸ್ತ್ರಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಹಾಗಿದ್ದ ಮೇಲೆ ಕೆರೆ ದಂಡೆಗೆ ಬಂದಾಗ ಮಾತ್ರ ಮರೆತು ಹೋಗುವುದು ಯಾಕೆ?

ಮತ್ತೆ ಟೈಲ್ಸೇ ಯಾಕೆ ಬೇಕು ಅನ್ನುವುದೂ ನನ್ನ ಪ್ರಶ್ನೆ. ಶಹಾಬಾದಿನ ಪರಸಿ, ಅಂದರೆ ಹಾಸುಗಲ್ಲು, ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ನಮ್ಮ ಮನೆಗಳ ನೆಲ, ಅಂಗಳ, ಅಡುಗೆಮನೆ ಕಟ್ಟೆ ಎಲ್ಲ ಅದೇ. ಪಾಲಿಶ್ ಮಾಡದ ಒರಟು ಪರಸಿ ಮಳೆಯಲ್ಲೂ ಅಷ್ಟು ಜಾರುವುದಿಲ್ಲ. ದೊಡ್ಡ ಕಲ್ಲು, ಕಡಿಮೆ ಸಂದು. ಒಂದು ಕಡೆ ಕುಸಿದರೆ ಆ ಒಂದು ಕಲ್ಲು ಎತ್ತಿ, ಅಡಿಗೆ ಮುರುಮ್ ಹಾಕಿ, ವಾಪಸ್ ಕೂರಿಸಬಹುದು. ಪೂರ್ತಿ ಪರಸಿ ಬೇಡ, ದುಬಾರಿ ಆಗುತ್ತದೆ ಅಂದರೆ ಅರ್ಧ ಅಗಲ ಪರಸಿ ಹಾಕಿ, ಇನ್ನರ್ಧ ಗಟ್ಟಿ ಮಾಡಿದ ಮುರುಮ್ ಬಿಡಿ. ಮಕ್ಕಳು ಮಣ್ಣಿನ ಕಡೆ ಓಡುತ್ತಾರೆ, ಮುದುಕರು ಕಲ್ಲಿನ ಕಡೆ ನಡೆಯುತ್ತಾರೆ. ಮೇ ತಿಂಗಳ ಸಂಜೆ ಏಳಕ್ಕೂ ಸಿಮೆಂಟ್ ನೆಲ ಕಾದಿರುತ್ತದೆ, ಕೈ ಇಟ್ಟು ನೋಡಿ. ಮರದ ಕೆಳಗಿನ ಮಣ್ಣು ಆ ಹೊತ್ತಿಗೆ ತಣ್ಣಗಾಗಿರುತ್ತದೆ.

ಬಿಸಿಲಿನ ಮಾತು ಬಂತು. ಕಲಬುರಗಿಯಲ್ಲಿ ಬೇಸಿಗೆಗೆ 42, 43 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಅಂಥ ಊರಿನಲ್ಲಿ ಉದ್ಯಾನ ಅಂದಕೂಡಲೇ ಎಲ್ಲಿಂದಲೋ ಅಲಂಕಾರದ ತಾಳೆ ಗಿಡ ತಂದು ಸಾಲಾಗಿ ನಿಲ್ಲಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ನೆರಳಿನಲ್ಲಿ ಒಂದು ಬೆಕ್ಕೂ ಮಲಗುವುದಿಲ್ಲ. ನಮಗೆ ಬೇವು ಇದೆ, ಹೊಂಗೆ ಇದೆ. ಬೇವು ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಮೈತುಂಬ ಚಿಗುರಿ ನಿಲ್ಲುತ್ತದೆ. ನಮಗೆ ನೆರಳು ಯಾವಾಗ ಬೇಕೋ ಸರಿಯಾಗಿ ಆಗಲೇ ಕೊಡುತ್ತದೆ. ಹೊಂಗೆಯೂ ಹಾಗೇ. ಮೂರು ವರ್ಷ ನೀರು ಹಾಕಿ ದನಗಳಿಂದ ಕಾಪಾಡಿದರೆ ಆಮೇಲೆ ತಮ್ಮ ಪಾಡಿಗೆ ಬೆಳೆಯುತ್ತವೆ.

ಇಲ್ಲಿ ಒಂದು ಮಾತನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಕೆರೆಯ ಏರಿಯ ಮೇಲೆ ದೊಡ್ಡ ಮರ ಬೆಳೆಸಬಾರದು ಅಂತ ಎಂಜಿನಿಯರುಗಳು ಹೇಳುತ್ತಾರೆ. ಮರ ಸತ್ತ ಮೇಲೆ ಬೇರು ಕೊಳೆತು, ಆ ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಸರಿಯಾದ ಮಾತು. ಮಣ್ಣಿನ ಏರಿ ಬಿಟ್ಟುಬಿಡಿ. ಉಳಿದ ಕಡೆ, ದಾರಿಯ ಹೊರ ಮಗ್ಗುಲಲ್ಲಿ, ಸಂಜೆಯ ಬಿಸಿಲು ಬೀಳುವ ಪಡುವಣ ದಿಕ್ಕಿಗೆ ಮರ ಹಾಕಿ. ಮರದ ಜಾಗ ಬಿಸಿಲು ನೋಡಿ ಗೊತ್ತು ಮಾಡಬೇಕೇ ಹೊರತು ಫೋಟೋಕ್ಕೆ ಚಂದ ಕಾಣಲಿ ಅಂತ ಅಲ್ಲ.

ಬೆಂಚಿನ ವಿಷಯಕ್ಕೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಆಯಿಯಂಥವರಿಗೆ ಕೂರುವುದು ಸುಲಭ, ಏಳುವುದು ಕಷ್ಟ. ತೀರಾ ತಗ್ಗಾದ ಕಟ್ಟೆಯ ಮೇಲೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕು. ನೆಲದಿಂದ ಒಂದೂವರೆ ಅಡಿ ಎತ್ತರ, ಬೆನ್ನಿಗೆ ಆಸರೆ, ಏಳುವಾಗ ಕೈ ಊರಲಿಕ್ಕೆ ಎರಡೂ ಬದಿಗೆ ಹಿಡಿಕೆ. ಇಷ್ಟಿದ್ದರೆ ಅವರು ಯಾರ ಹಂಗೂ ಇಲ್ಲದೆ ತಾವೇ ಏಳುತ್ತಾರೆ. ಅವರು ತಾವೇ ಎದ್ದು ನಿಂತಾಗ ಮುಖದಲ್ಲಿ ಬರುವ ಕಳೆಯನ್ನು ನೀವು ನೋಡಬೇಕು. ಇಂಥ ಬೆಂಚು ಎಪ್ಪತ್ತು ಎಂಬತ್ತು ಮೀಟರಿಗೊಂದು ಬೇಕು. ಹತ್ತು ಬೆಂಚನ್ನು ಗೇಟಿನ ಹತ್ತಿರವೇ ಒತ್ತಾಗಿ ಹಾಕಿ, ಒಳಗೆ ಅರ್ಧ ಸುತ್ತಿಗೆ ಒಂದೂ ಇಲ್ಲದಿದ್ದರೆ ಏನು ಪ್ರಯೋಜನ? ಕಬ್ಬಿಣದ ಬೆಂಚು ಬಿಸಿಲಿಗೆ ಸುಡುತ್ತದೆ. ಕಲ್ಲಾದರೂ ನೆರಳು ಬೇಕೇ ಬೇಕು. ಇನ್ನೊಂದು ವಿಷಯ. ಬೆಂಚು ನೀರಿನ ಕಡೆಗೆ ಮುಖ ಮಾಡಿರಲಿ. ಕೆರೆಗೆ ಬೆನ್ನು ಹಾಕಿ ಕೂರಲಿಕ್ಕೆ ಯಾರೂ ಅಷ್ಟು ದೂರ ಬರುವುದಿಲ್ಲ.

ಬೀದರಿಗೆ ನೆಂಟರ ಮನೆಗೆ ಹೋದಾಗ ಪಾಪನಾಶ ಗುಡಿಯ ಕೆರೆ ಕಡೆಯೂ ಹೋಗಿದ್ದೆವು. ಅಲ್ಲಿ ಹೋದರೂ ಆಯಿಯ ಕಣ್ಣು ಮೊದಲು ಹುಡುಕಿದ್ದು ಕೂರುವ ಜಾಗವನ್ನೇ. ಯಾವ ಊರಿನ ಕೆರೆಯಾದರೂ ಹಿರಿಯರ ಲೆಕ್ಕ ಅಲ್ಲಿಂದಲೇ ಶುರು.

ನೀರಿನ ಅಂಚಿನ ಬೇಲಿ ಬಗ್ಗೆಯೂ ಹೇಳಬೇಕು. ಮಕ್ಕಳು ಬೀಳಬಾರದು ಅಂತ ಎದೆ ಮಟ್ಟ ಗೋಡೆ ಕಟ್ಟಿಬಿಟ್ಟರೆ ಮಕ್ಕಳಿಗೆ ಕೆರೆಯೇ ಕಾಣುವುದಿಲ್ಲ. "ಅವ್ವಾ, ಎತ್ಕೋ, ನೀರ್ ಕಾಣವಲ್ದು" ಅಂತ ಮಗಳು ಸೀರೆ ಜಗ್ಗುತ್ತಾಳೆ. ವೀಲ್‌ಚೇರ್‌ನಲ್ಲಿ ಬಂದವರಿಗೂ ಗೋಡೆಯೇ ಕಾಣುವುದು. ಸರಳಿನ ಬೇಲಿ ಹಾಕಿ. ಅದೂ ಅಡ್ಡ ಸರಳು ಬೇಡ. ಅಡ್ಡ ಸರಳು ಮಕ್ಕಳಿಗೆ ಏಣಿ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹತ್ತಿ ಆಚೆ ಬಾಗುತ್ತಾರೆ. ನೆಟ್ಟಗೆ ನಿಂತ ಸರಳು, ನಡುವಿನ ಸಂದು ನಾಲ್ಕು ಇಂಚಿಗಿಂತ ಕಡಿಮೆ, ಮಗುವಿನ ತಲೆ ತೂರಬಾರದು. ಎಲ್ಲಾದರೂ ಒಂದು ಸರಳು ಕಿತ್ತರೆ ಅದೇ ವಾರ ಸರಿಮಾಡಿಸಿ. ಇದರಲ್ಲಿ ಮಾತ್ರ ನಾಳೆ ಅನ್ನಬಾರದು.

ನಮ್ಮ ಓಣಿಯಲ್ಲಿ ವೀಲ್‌ಚೇರ್‌ನಲ್ಲಿ ಓಡಾಡುವ ಹುಡುಗನೊಬ್ಬ ಇದ್ದಾನೆ. ಹನ್ನೆರಡು ವರ್ಷ. ಒಂದು ಭಾನುವಾರ ಅವನನ್ನೂ ಕರೆದುಕೊಂಡು ಒಂದು ಉದ್ಯಾನಕ್ಕೆ ಹೋದೆವು. ಒಳಗೆ ಬೈಕ್ ಹೋಗಬಾರದು ಅಂತ ಬಾಗಿಲಲ್ಲಿ ಅಡ್ಡಡ್ಡ ಪೈಪು ಹಾಕಿದ್ದರು. ಬೈಕ್ ಹೋಗಲಿಲ್ಲ, ನಿಜ. ಅವನ ಕುರ್ಚಿಯೂ ಹೋಗಲಿಲ್ಲ. ಮೂರು ಜನ ಸೇರಿ ಕುರ್ಚಿ ಸಮೇತ ಅವನನ್ನು ಎತ್ತಿ ಆಚೆ ದಾಟಿಸಿದೆವು. ಎತ್ತುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಎಷ್ಟು ಕರೆದರೂ ಅವನು ಎಲ್ಲಿಗೂ ಬರಲಿಲ್ಲ.

ಬೈಕಿನ ಹ್ಯಾಂಡಲ್ ಅಗಲಕ್ಕೂ ವೀಲ್‌ಚೇರ್‌ನ ಅಗಲಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಕಂಬ, ಪೈಪು ಎಷ್ಟು ಲೆಕ್ಕ ಹಾಕಿ ನೆಟ್ಟರೂ ಇದು ಬಗೆಹರಿಯುವುದಿಲ್ಲ. ಗೇಟಿನಲ್ಲಿ ಒಬ್ಬ ಮನುಷ್ಯ ಬೇಕು. ಬೈಕ್ ತಡೆಯಲಿಕ್ಕೆ, ಕುರ್ಚಿಗೆ ದಾರಿ ಬಿಡಲಿಕ್ಕೆ, ಕತ್ತಲಾದ ಮೇಲೆ ಒಂದು ಸುತ್ತು ಹೋಗಿ ಬರಲಿಕ್ಕೆ. ಆ ಮನುಷ್ಯನಿಗೆ ಸರಿಯಾಗಿ ಸಂಬಳ ಕೊಡಿ, ಕೂರಲಿಕ್ಕೆ ನೆರಳು ಕೊಡಿ. ಮೆಟ್ಟಿಲು ಇರುವಲ್ಲೆಲ್ಲ ಪಕ್ಕದಲ್ಲಿ ಇಳಿಜಾರು ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ಎಲ್ಲ ಕಡೆ ಒಪ್ಪಿರುವ ಲೆಕ್ಕ. ಅದಕ್ಕಿಂತ ಕಡಿದಾದರೆ ತಳ್ಳುವವರ ಕೈಯಿಂದ ಕುರ್ಚಿ ಜಾರುತ್ತದೆ. ಸಾರ್ವಜನಿಕ ಜಾಗಗಳು ಅಂಗವಿಕಲರಿಗೆ ಬಳಸಲು ಬರುವಂತಿರಬೇಕು ಅಂತ 2016ರ ಕಾಯ್ದೆಯೇ ಹೇಳಿದೆ. ಆ ಹುಡುಗ ಕೇಳುತ್ತಿರುವುದು ಅವನ ಹಕ್ಕನ್ನು.

ಹೊತ್ತಿನ ವಿಷಯ ಚಿಕ್ಕದು, ಆದರೆ ಇದರಿಂದಲೇ ಎಷ್ಟೋ ಮನೆಯವರು ಕೆರೆಯಿಂದ ದೂರ ಉಳಿಯುತ್ತಾರೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದು ಏಳರ ಹತ್ತಿರ. ಡಿಸೆಂಬರಿನಲ್ಲಿ ಆರಕ್ಕೂ ಮುಂಚೆ. ವರ್ಷಪೂರ್ತಿ ಒಂದೇ ಹೊತ್ತಿಗೆ ಗೇಟು ಹಾಕಿದರೆ ಬೇಸಿಗೆಯಲ್ಲಿ ನೆಲ ತಣ್ಣಗಾಗುವ ಮೊದಲೇ ಜನ ಹೊರಗೆ ನಡೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ತೆರೆದು, ರಾತ್ರಿ ಒಂಬತ್ತರವರೆಗೆ ಬಿಡಿ. ದೀಪ ತಗ್ಗಿನಲ್ಲಿರಲಿ, ಬೆಳಕು ದಾರಿಯ ಮೇಲೆ ಬೀಳಲಿ. ನೀರಿನ ಮೇಲೆ ಫ್ಲಡ್‌ಲೈಟ್ ಬಿಟ್ಟರೆ ರಾತ್ರಿ ತಂಗುವ ಹಕ್ಕಿಗಳಿಗೆ ನಿದ್ದೆ ಇಲ್ಲ, ನಮಗೆ ಕಾಲ ಬುಡ ಕಾಣುವುದಿಲ್ಲ. ಹೆಣ್ಣುಮಕ್ಕಳು ಕತ್ತಲಿನ ಮೂಲೆ ಕಂಡರೆ ಅಲ್ಲಿಂದಲೇ ತಿರುಗಿ ಬರುತ್ತಾರೆ. ಹೆಣ್ಣುಮಕ್ಕಳು ತಿರುಗಿದರೆ ಮಕ್ಕಳೂ ಮುದುಕರೂ ಅವರ ಜೊತೆಗೇ ತಿರುಗುತ್ತಾರೆ.

ಇನ್ನು ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಆಯಿ ಕೆರೆಗೆ ಬರುವ ದಿನ ಮಧ್ಯಾಹ್ನ ಮೂರರಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ನನಗೆ ಇದು ಬಹಳ ದಿನ ಗೊತ್ತೇ ಇರಲಿಲ್ಲ. ಒಂದು ದಿನ ತಲೆ ಸುತ್ತಿ ಬೆಂಚಿನ ಮೇಲೆ ಒರಗಿದಾಗ ಕೇಳಿದೆ. "ಎಲ್ಲಿ ಹೋಗಬೇಕವ್ವಾ, ನೀನೇ ಹೇಳು" ಅಂದರು. 40 ಡಿಗ್ರಿ ಬಿಸಿಲಿನ ಊರಿನಲ್ಲಿ 76 ವರ್ಷದ ಹೆಂಗಸು ಅಡ್ಯಾಡಲಿಕ್ಕೆ ಹೋಗಬೇಕು ಅಂತ ನೀರು ಬಿಡುತ್ತಾರೆ. ಅವರ ಗೆಳತಿಯರೂ ಹಾಗೇ ಮಾಡುತ್ತಾರಂತೆ. ಶುಗರ್ ಇದ್ದವರು, ಮಾತ್ರೆ ನುಂಗುವವರು, ಬಸುರಿಯರು, ಎಲ್ಲರದೂ ಇದೇ ಕತೆ.

ಶೌಚಾಲಯ ಕಟ್ಟಿಸಿದರೆ ಸಾಲದು. ಎಷ್ಟೋ ಕಡೆ ಕಟ್ಟಡ ಇರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ, ಕೀಲಿಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೀಗ ಇಲ್ಲದ, ನೀರು ಇರುವ, ಒಳಗಿನಿಂದ ಚಿಲಕ ಬೀಳುವ ಒಂದು ಶೌಚಾಲಯ ಕೊಡಿ. ಅದರಲ್ಲಿ ಒಂದಾದರೂ ಕಮೋಡ್ ಇರಲಿ, ಮೊಣಕಾಲು ನೋವಿರುವವರು ಕುಕ್ಕರಗಾಲಲ್ಲಿ ಕೂರಲಾರರು. ಪಕ್ಕದಲ್ಲಿ ಹಿಡಿದುಕೊಳ್ಳಲಿಕ್ಕೆ ಒಂದು ಗಟ್ಟಿ ಸರಳು. ದಿನಕ್ಕೆ ಎರಡು ಸಲ ತೊಳೆಯುವವರಿಗೆ ತಿಂಗಳು ತಿಂಗಳು ಸರಿಯಾಗಿ ಕೂಲಿ. ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ. ಕಾರಂಜಿಗೆ, ಬಣ್ಣದ ದೀಪಕ್ಕೆ, ದೊಡ್ಡ ಕಮಾನಿಗೆ ಖರ್ಚು ಮಾಡುವ ಮೊದಲು ಇದನ್ನು ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿ ದೊಡ್ಡ ಕೆಲಸಗಳಾಗಲಿ ಅಂತ ಎಲ್ಲರೂ ಆಸೆ ಇಟ್ಟುಕೊಂಡಿದ್ದೇವೆ. ಆ ಆಸೆಯಲ್ಲಿ ಇದೂ ಸೇರಲಿ.

ದಾರಿ ಎಷ್ಟು ಚಂದ ಮಾಡಿದರೂ ನೀರು ನಾರುತ್ತಿದ್ದರೆ ಯಾರು ಬರುತ್ತಾರೆ? ಒಂದು ಬೇಸಿಗೆ ಬೆಳಗಿನ ಜಾವ ಕೆರೆಯೊಂದರ ಅಂಚಿನಲ್ಲಿ ಮಗಳು ನನ್ನನ್ನು ನಿಲ್ಲಿಸಿದಳು. ಮೀನುಗಳೆಲ್ಲ ಮೇಲೆ ಬಂದು ನೀರಿನ ಮಟ್ಟದಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದವು. "ಅವ್ವಾ, ಹಸಿದಾವೇನು?" ಅಂದಳು. ಹಸಿವಲ್ಲ, ಉಸಿರು ಕಟ್ಟುತ್ತಿತ್ತು. ಚರಂಡಿ ನೀರು ಕೆರೆಗೆ ಸೇರಿದರೆ ಅದರಲ್ಲಿನ ಸಾರಜನಕ, ರಂಜಕ ತಿಂದು ಪಾಚಿ ಹಬ್ಬುತ್ತದೆ, ಅಂತರಗಂಗೆ ಹರಡುತ್ತದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಹೋಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಬೇಸಿಗೆಯ ಬೆಳಗಿನ ಜಾವವೇ ಮೀನಿಗೆ ಕಂಟಕ. ಮೇಲಿನ ಕಳೆ ತೆಗೆಸುವುದು ಬೇಕು, ಆದರೆ ಅದು ತಲೆನೋವಿಗೆ ಹಣೆಗೆ ಬಟ್ಟೆ ಕಟ್ಟಿದ ಹಾಗೆ. ಚರಂಡಿ ಎಲ್ಲಿ ಸೇರುತ್ತದೋ ಅಲ್ಲಿ ತಡೆದು, ಶುದ್ಧ ಮಾಡಿದ ಮೇಲೆ ಒಳಗೆ ಬಿಡಬೇಕು. ಮಳೆ ನೀರು ಬರುವ ಕಾಲುವೆಗಳನ್ನು ಮಾತ್ರ ಮುಚ್ಚಬಾರದು. ದಂಡೆಯ ಸುತ್ತ ಪೂರ್ತಿ ಕಾಂಕ್ರೀಟ್ ಹೊಡೆಯುವುದೂ ಬೇಡ. ಒಂದು ಬದಿಯಾದರೂ ಜೊಂಡು ಬೆಳೆಯುವ ಮಣ್ಣಿನ ಇಳಿಜಾರು ಉಳಿಯಲಿ. ನಾಮಗೋಳಿ ಗೂಡು ಕಟ್ಟುವುದು ಅಲ್ಲೇ.

ಈಗ ಕೆರೆಗೆ ಬರುವ ನಮ್ಮವರಿಗೆ ಎರಡು ಮಾತು. ಅಧಿಕಾರಿಗಳಿಗೆ ಮಾತ್ರ ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಕೆರೆ, ಕಾಡು, ನದಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲಿದೆ.

ದೇವರ ಮನೆಯ ಒಣ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯಬೇಡಿ. ಆಯಿ ಅವನ್ನು ತುಳಸಿ ಕಟ್ಟೆಯ ಬುಡಕ್ಕೆ ಹಾಕುತ್ತಾರೆ, ಅದೂ ದೇವರಿಗೇ ಸೇರುತ್ತದೆ ಅನ್ನುತ್ತಾರೆ. ಗಣಪತಿ ಕೂರಿಸುವವರು ಮಣ್ಣಿನ ಗಣಪನನ್ನೇ ತನ್ನಿ. ಪಿಒಪಿ ಮೂರ್ತಿ ಬೇಗ ಕರಗುವುದಿಲ್ಲ, ಅದರ ಬಣ್ಣ ನೀರಿಗೆ ವಿಷ. ಮೀನಿಗೆ ಬ್ರೆಡ್ಡು ಹಾಕುವ ಅಣ್ಣಂದಿರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ತಿನ್ನದೆ ಉಳಿದದ್ದು ಕೊಳೆತು ಆ ಮೀನುಗಳ ಉಸಿರನ್ನೇ ಕಸಿಯುತ್ತದೆ. ಜೋರಾಗಿ ನಡೆಯುವವರು ಮುದುಕರ ಹಿಂದೆ ಬಂದಾಗ "ಸರೀರಿ, ಸರೀರಿ" ಅಂತ ಅವಸರ ಮಾಡಬೇಡಿ. ಅವರು ಗಾಬರಿಯಾಗಿ ಪಕ್ಕಕ್ಕೆ ಕಾಲಿಟ್ಟರೆ ಅಲ್ಲೇ ಬೀಳುತ್ತಾರೆ. ಫೋನಿನ ಹಾಡು ನಿಮ್ಮ ಕಿವಿಯಲ್ಲಿ ಇರಲಿ. ಗುಟ್ಕಾ ತಿಂದು ಬೆಂಚಿನ ಮಗ್ಗುಲಲ್ಲಿ ಉಗಿಯಬೇಡಿ, ಅದೇ ಬೆಂಚಿನ ಹಿಡಿಕೆ ಹಿಡಿದು ನಮ್ಮ ಆಯಿ ಏಳಬೇಕು.

ಕೆರೆ ಹತ್ತಿರ ಭಜಿ, ಚುರುಮುರಿ, ಶೇಂಗಾ ಮಾರುವವರನ್ನು ಓಡಿಸಬೇಡಿ ಅಂತಲೂ ಅಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಗೇಟಿನ ಹೊರಗೆ ಅವರಿಗೊಂದು ಜಾಗ ಗುರುತು ಮಾಡಿಕೊಡಿ, ಕಸದ ಡಬ್ಬಿ ಇಡಿ. ಸಂಜೆ ಅವರ ದೀಪ ಉರಿಯುತ್ತಿದ್ದರೆ ನಮಗೆ ಧೈರ್ಯ. ಆಯಿ ಬಿದ್ದ ದಿನ ಮೊದಲು ಓಡಿ ಬಂದು ನೀರು ಕೊಟ್ಟದ್ದು ಶೇಂಗಾ ಮಾರುವ ಹೆಣ್ಣುಮಗಳೇ.

ಎಲ್ಲವೂ ಒಂದೇ ವರ್ಷಕ್ಕೆ ಆಗುವುದಿಲ್ಲ ಅಂತ ನನಗೆ ಗೊತ್ತು. ಚರಂಡಿ ತಡೆಯಲು ದುಡ್ಡು ಬೇಕು, ಟೆಂಡರ್ ಬೇಕು, ಹೊತ್ತು ಬೇಕು. ಅದನ್ನು ಶುರು ಮಾಡಿ. ಅಷ್ಟರೊಳಗೆ ಗೇಟಿನಿಂದ ಐನೂರು ಮೀಟರ್ ದಾರಿಯನ್ನು ಮಾತ್ರ ಸರಿ ಮಾಡಿ. ಸಮತಟ್ಟಾದ ನೆಲ, ಏಳು ಬೆಂಚು, ಒಂದಿಷ್ಟು ಬೇವಿನ ಸಸಿ, ಒಂದು ಬೀಗವಿಲ್ಲದ ಶೌಚಾಲಯ, ಗೇಟಿನಲ್ಲಿ ಒಬ್ಬ ಮನುಷ್ಯ. ಪೂರ್ತಿ ಸುತ್ತನ್ನು ಅರೆಬರೆ ಮಾಡುವುದಕ್ಕಿಂತ ಇಷ್ಟನ್ನು ಪೂರ್ತಿ ಮಾಡುವುದು ಮೇಲು.

ನಕ್ಷೆ ಬರೆಯುವ ಮೊದಲು ಒಂದು ಸಂಜೆ ನಮ್ಮ ಜೊತೆ ಬನ್ನಿ. ಯಾವ ಅಧಿಕಾರಿಯಾದರೂ ಸರಿ, ಎಂಜಿನಿಯರ್ ಬಂದರೆ ಇನ್ನೂ ಒಳ್ಳೆಯದು. ಜೇಬಿನಲ್ಲಿ ಒಂದು ಸುಣ್ಣದ ಕಡ್ಡಿ ಇಟ್ಟುಕೊಂಡು ಬನ್ನಿ. ಆಯಿಯ ಪಕ್ಕ ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯಿರಿ. ಅವರು ಎಲ್ಲಿ ನಿಂತು ಸುತ್ತ ನೋಡುತ್ತಾರೋ ಅಲ್ಲೊಂದು ಗುರುತು ಹಾಕಿ. ಅಲ್ಲಿ ಬೆಂಚು ಬರಲಿ. ಸಂಜೆ ಐದೂವರೆಗೆ ಮಗಳು ಚಪ್ಪಲಿ ಜೋಡಿಸಿ ಇಟ್ಟಿರುತ್ತಾಳೆ, ಆರಕ್ಕೆ ನಾವು ಗೇಟಿನ ಹತ್ತಿರ ಇರುತ್ತೇವೆ.

ಇಂತಿ,
ಆಯಿ, ಮಗಳ ಜೊತೆ ಕೆರೆಗೆ ಬರುವ ಒಬ್ಬ ತಾಯಿ
ಕಲಬುರಗಿ